ಇಂಗ್ಲಿಷಿನ ಅಜ್ಜಿಯರು

ಕೇಳುಗರೆಲ್ಲರಿಗೂ ನಮಸ್ಕಾರ. ಗ್ರ್ಯಾಂಡ್‌ಮದರ್ ಅಂದ್ರೆ ಅಜ್ಜಿ ಅಂತ ಶಾಲೆಯಲ್ಲೇ ಕಲಿತಿರುತ್ತೀರಿ. ಆದರೆ ಇಂಗ್ಲಿಷ್ ಮಾತಾಡುವ ಮನೆಗಳಲ್ಲಿ ಮೊಮ್ಮಕ್ಕಳು ಅಷ್ಟುದ್ದ ಕರೆಯುವುದಿಲ್ಲ. ಗ್ರ್ಯಾನಿ, ಗ್ರ್ಯಾನ್, ನ್ಯಾನ್, ನ್ಯಾನಿ, ಅಮೆರಿಕದಲ್ಲಿ ಕೆಲವರಿಗೆ ಗ್ರಾಮ್. ತೊಂದರೆ ಏನಪ್ಪಾ ಅಂದ್ರೆ, ಈ ಪದಗಳಲ್ಲಿ ಕೆಲವಕ್ಕೆ ಬೇರೆ ಕಸುಬೂ ಇದೆ. ಅದಕ್ಕೇ ಇವತ್ತು ನಾನು ಹೇಳುವುದು ಒಂದೇ ಮಾತು: ಪದದ ಪಕ್ಕದಲ್ಲಿ ಯಾರು ಕೂತಿದ್ದಾರೆ ಅಂತ ನೋಡಿ.

ನಮ್ಮಕ್ಕನ ಮಗಳು ಓದಲಿಕ್ಕೆ ಸಿಡ್ನಿಗೆ ಹೋದಳು. ಹೋದ ವಾರಕ್ಕೆ ಫೋನ್ ಮಾಡಿ, "ಅಮ್ಮಾ, ಗ್ರ್ಯಾನಿ ಫ್ಲಾಟ್ ಸಿಕ್ತು" ಅಂದಳು. ಅಕ್ಕನಿಗೆ ಖುಷಿಯೋ ಖುಷಿ, ಮಗಳ ಜೊತೆ ಹಿರಿಯರೊಬ್ಬರು ಇದ್ದಾರಲ್ಲ ಅಂತ. ಆ ಕಡೆ ಹೊರಟಿದ್ದ ಪರಿಚಯದವರ ಕೈಲಿ ತಿಂಡಿ ಕಳಿಸಿದಳು, ಅದರಲ್ಲೂ ಆ ಅಜ್ಜಿಗೆ ಹಲ್ಲು ಇರುತ್ತೋ ಇಲ್ಲವೋ ಅಂತ ಚಕ್ಕುಲಿ ತೆಗೆದಿಟ್ಟು ಮೆತ್ತಗಿನ ಬೇಸನ್ ಉಂಡೆ ಕಟ್ಟಿದಳು! ಅಲ್ಲಿ ನೋಡಿದರೆ ಅಜ್ಜಿಯೂ ಇಲ್ಲ, ಗಿಜ್ಜಿಯೂ ಇಲ್ಲ. ದೊಡ್ಡ ಮನೆಯ ಹಿತ್ತಿಲಲ್ಲಿ ಕಟ್ಟಿದ ಪುಟ್ಟ ಬಿಡಿ ಮನೆಗೆ ಆಸ್ಟ್ರೇಲಿಯಾದಲ್ಲಿ ಗ್ರ್ಯಾನಿ ಫ್ಲಾಟ್ ಅನ್ನುತ್ತಾರೆ. ವಯಸ್ಸಾದ ತಾಯಿ ತಂದೆ ಹತ್ತಿರವೇ ಇರಲಿ ಅಂತ ಕಟ್ಟುತ್ತಿದ್ದದ್ದು, ಈಗ ಜಾಸ್ತಿ ಬಾಡಿಗೆಗೆ ಹೋಗುತ್ತವೆ. ಉಂಡೆ ತಿಂದವರು ಇಪ್ಪತ್ತೆರಡು ವರ್ಷದ ಮೂರು ಹುಡುಗಿಯರು.

ಅದೇ ಸಿಡ್ನಿಯಲ್ಲಿ ಒಬ್ಬರು ನಿಜವಾದ ಅಜ್ಜಿಯೂ ಇದ್ದರು, ಇದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮರಿಯಾ ಆ್ಯನ್ ಸ್ಮಿತ್ ಅಂತ, ಇಂಗ್ಲೆಂಡಿನಿಂದ ವಲಸೆ ಹೋದ ರೈತ ಹೆಂಗಸು. ಅವರ ತೋಟದಲ್ಲಿ ತಾನಾಗಿ ಹುಟ್ಟಿದ ಒಂದು ಸೇಬಿನ ಗಿಡ 1868ರ ಹೊತ್ತಿಗೆ ಹಣ್ಣು ಬೆಳೆಯುವವರ ಕಣ್ಣಿಗೆ ಬಿತ್ತು. 1870ರಲ್ಲಿ ಅವರು ತೀರಿಕೊಂಡರು, ಹಣ್ಣು ಲೋಕವೆಲ್ಲ ಸುತ್ತಿತು. ನಮ್ಮ ಅಂಗಡಿಗಳಲ್ಲೂ ಸಿಗುವ ಹಸಿರು ಹುಳಿ ಸೇಬು, ಗ್ರ್ಯಾನಿ ಸ್ಮಿತ್, ಅದೇ. ಇಲ್ಲಿ ಗ್ರ್ಯಾನಿ ಪಕ್ಕ ಸ್ಮಿತ್ ಕೂತಿದ್ದಾರೆ, ಆದ್ದರಿಂದ ಸೇಬು. ಪಕ್ಕದಲ್ಲಿ ನಾಟ್ ಕೂತರೆ? ಎಡಬಲ ತಪ್ಪಿ ಹಾಕಿದ, ಎಳೆದರೆ ಜಾರುವ ಗಂಟು. ಪಕ್ಕದ ಪದ ನೋಡಿ ಅಂದೆನಲ್ಲ, ಇದಕ್ಕೇ.

ಗಾಜಿನ ಆಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ, ಅಕ್ಕನ ಉಂಡೆಯೇ ಅರ್ಧ ಹೊತ್ತು ತಿಂದುಬಿಟ್ಟಿತು. ಬೇಗ ಬೇಗ ಹೇಳುತ್ತೇನೆ. ನ್ಯಾನಿ ಕೆಲವು ಮನೆಗಳಲ್ಲಿ ಅಜ್ಜಿ, ಆದರೆ ಸಂಬಳ ಕೊಟ್ಟು ಇಟ್ಟುಕೊಂಡರೆ ಮಗು ನೋಡಿಕೊಳ್ಳುವವಳು. ನ್ಯಾನಿ ಗೋಟ್ ಅಂದ್ರೆ ಹೆಣ್ಣು ಮೇಕೆ ಅಷ್ಟೇ. ಪರೀಕ್ಷೆಯಲ್ಲಿ ದಯವಿಟ್ಟು "ಅಜ್ಜಿ ಮೇಕೆ" ಅಂತ ಬರೆಯಬೇಡಿ ಮಕ್ಕಳೇ, ತಿದ್ದಿ ತಿದ್ದಿ ಸಾಕಾಗಿದೆ. ಇನ್ನು ಗ್ರಾಮ್, ಅಂಗಡಿಯಲ್ಲಿ ತೂಕ. ನಮ್ಮ ದೇಶದ ಇಂಗ್ಲಿಷಿನಲ್ಲಿ ಅದು ಕಾಳು ಕೂಡ, ಪೋರ್ಚುಗೀಸರ ಭಾಷೆಯಿಂದ ಬಂದದ್ದು. ಹಾಗಾಗಿ ಹಾರ್ಸ್ ಗ್ರಾಮ್ ಅಂದ್ರೆ ಕುದುರೆಯ ಅಜ್ಜಿ ಅಲ್ಲ, ನಿಮ್ಮ ಅಡುಗೆಮನೆಯ ಹುರುಳಿ. ನಮಸ್ಕಾರ.