‘ವಾಶ್ ಮಾಡು’ ಅನ್ನೋದು ಕನ್ನಡ ಅಲ್ಲ

ನಮಸ್ಕಾರ, ಎಲ್ಲರಿಗೂ ನಮಸ್ಕಾರ. ಇವತ್ತು ಮಕ್ಕಳ ನಿದ್ದೆ ಬಗ್ಗೆ ಮಾತಾಡ್ತೀನಿ ಅಂತ ಹೇಳಿದ್ದೆ, ಅದನ್ನ ಮುಂದಿನ ವಾರಕ್ಕೆ ಇಟ್ಕೊಳ್ಳೋಣ. ಹೋದ ವಿಡಿಯೋ ಕೆಳಗೆ ಒಂದು ಕಾಮೆಂಟ್ ಬಂದಿದೆ, ಅದಕ್ಕೆ ಉತ್ತರ ಕೊಡದೆ ಮುಂದಕ್ಕೆ ಹೋಗೋಕೆ ಮನಸ್ಸೇ ಬರ್ತಿಲ್ಲ. ಓದ್ತೀನಿ, ಕೇಳಿ. “ಅಕ್ಕಾ, ಮಗು ಜೊತೆ ಕನ್ನಡ ಮಾತಾಡಿ, ಕನ್ನಡ ಮಾತಾಡಿ ಅಂತ ಎಷ್ಟು ಸಲ ಹೇಳ್ತೀರಾ? ನಾವು ಮನೇಲಿ ಕನ್ನಡಾನೇ ಮಾತಾಡೋದು. ಬಾ ಕಂದ, ಹ್ಯಾಂಡ್ ವಾಶ್ ಮಾಡು, ಮಿಲ್ಕ್ ಡ್ರಿಂಕ್ ಮಾಡು, ಆಮೇಲೆ ಸ್ಲೀಪ್ ಮಾಡು ಅಂತೀವಿ. ಇದು ಕನ್ನಡ ತಾನೇ?”

ಅಲ್ಲಮ್ಮ, ಅಲ್ಲ.

ಎಣಿಸಿ ನೋಡೋಣ. ‘ಬಾ’ ಇದೆ, ‘ಕಂದ’ ಇದೆ, ‘ಆಮೇಲೆ’ ಇದೆ. ಉಳಿದಿದ್ದು ‘ಮಾಡು’. ಕೈ ಎಲ್ಲಿ? ಹಾಲು ಎಲ್ಲಿ? ಕೈ, ಹಾಲು ಹೋಗ್ಲಿ ಬಿಡಿ, ಹೆಸರಿನ ಪದಗಳ ಬಗ್ಗೆ ಇವತ್ತು ನಾನು ಜಗಳಕ್ಕೆ ಬರಲ್ಲ. ಬಸ್ಸು, ಕಾರು, ಬ್ಯಾಗು, ಪ್ಯಾಂಟು ಎಲ್ಲ ನಮ್ಮವೇ ಆಗಿಬಿಟ್ಟಿವೆ. ಆದ್ರೆ ‘ತೊಳಿ’ ಎಲ್ಲಿ? ‘ಕುಡಿ’ ಎಲ್ಲಿ? ‘ಮಲಗು’ ಎಲ್ಲಿ? ಮೂರು ಕೆಲಸ, ಮೂರಕ್ಕೂ ಒಂದೇ ಮಾತು: ಮಾಡು, ಮಾಡು, ಮಾಡು. ಇವತ್ತು ನಾನು ಹೇಳೋಕೆ ಬಂದಿರೋದು ಇದೊಂದೇ. ಹೆಸರುಪದ ಯಾವ ಭಾಷೇದಾದ್ರೂ ಬರಲಿ, ಮೂರು ವರ್ಷದೊಳಗಿನ ಮಗು ಹತ್ರ ಕನ್ನಡದ ಕ್ರಿಯಾಪದ ಬಿಡಬೇಡಿ.

ತಾಯಿ ಎರಡು ಭಾಷೆ ಮಾತಾಡಿದ್ರೆ ಮಗುಗೆ ತೊಂದರೆ ಅಂತ ನಾನು ಹೇಳ್ತಿಲ್ಲ. ಅದೊಂದು ಹಳೇ ಭಯ, ಇವತ್ತೇ ಬಿಡಿಸಿಬಿಡ್ತೀನಿ. ಎರಡು ಭಾಷೆ ಕೇಳೋದ್ರಿಂದ ಮಾತು ತಡ ಆಗಲ್ಲ. ಎರಡು ವರ್ಷಕ್ಕೆ ಸುಮಾರು 50 ಪದ, ಜೊತೆಗೆ ‘ಅಮ್ಮ ಬಾ’, ‘ಹಾಲು ಬೇಕು’ ಥರ ಎರಡೆರಡು ಪದ ಕೂಡಿಸೋದು, ಅಷ್ಟು ನೋಡ್ಕೊಳ್ಳಿ. ಆ 50 ಅನ್ನೋದು ಎರಡೂ ಭಾಷೆ ಸೇರಿಸಿ. ಕನ್ನಡದ್ದು 30, ಇಂಗ್ಲಿಷಿಂದು 25 ಇದ್ರೆ ಮಗು ಹತ್ರ 55 ಪದ ಇದೆ. ಒಂದೇ ಭಾಷೆ ಎಣಿಸಿ ‘ಅಯ್ಯೋ ಹಿಂದೆ ಬಿತ್ತು’ ಅಂತ ಗಾಬರಿ ಆಗೋದು, ಆಮೇಲೆ ಯಾರೋ ಹೇಳಿದ್ರು ಅಂತ ಕನ್ನಡಾನೇ ನಿಲ್ಲಿಸಿಬಿಡೋದು, ಇವೆರಡೂ ತಪ್ಪು. ಮಗು 12 ತಿಂಗಳಾದ್ರೂ ಬಬ್ಬಬ್ಬ ತತ್ತತ್ತ ಅಂತ ತೊದಲದೆ, ಬೆರಳು ತೋರಿಸದೆ ಇದ್ರೆ, 16 ತಿಂಗಳಿಗೂ ಒಂದು ಪದ ಬರದೆ ಇದ್ರೆ, 2 ವರ್ಷಕ್ಕೂ ಎರಡು ಪದ ಕೂಡಿಸದೆ ಇದ್ರೆ, ಅಥವಾ ಬಂದ ಮಾತು ಯಾವ ವಯಸ್ಸಲ್ಲೇ ಆಗಲಿ ನಿಂತು ಹೋದ್ರೆ, ಕಾಯಬೇಡಿ. ಮೊದಲು ಕಿವಿ ಪರೀಕ್ಷೆ, ಆಮೇಲೆ ವಾಕ್ ತಜ್ಞರು, ಅಂದ್ರೆ ಸ್ಪೀಚ್ ಥೆರಪಿಸ್ಟ್. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರೋದೇ ಇದಕ್ಕೆ. ಅಲ್ಲಿಗೆ ಹೋಗೋದ್ರಲ್ಲಿ ಯಾವ ನಾಚಿಕೆನೂ ಇಲ್ಲ.

ಸರಿ, ‘ಮಾಡು’ಗೆ ಬರ್ತೀನಿ.

‘ವಾಶ್ ಮಾಡು’ ಅಂದ ತಕ್ಷಣ ಎಷ್ಟು ಪದ ಕಳ್ಕೊಂಡ್ರಿ ಗೊತ್ತಾ? ಕೈ ತೊಳೀತೀವಿ. ಬಟ್ಟೆ ಒಗೀತೀವಿ. ಪಾತ್ರೆ ಬೆಳಗ್ತೀವಿ; ಧಾರವಾಡದ ಕಡೆ ಭಾಂಡೆ ತಿಕ್ತಾರೆ, ನಿಮ್ಮನೇಲಿ ಹೇಗೋ ಹಾಗೇ ಹೇಳಿ. ಹಲ್ಲು ಉಜ್ತೀವಿ, ಬಾಯಿ ಮುಕ್ಕಳಿಸ್ತೀವಿ, ನೆಲ ಒರೆಸ್ತೀವಿ, ಅಂಗಳ ಸಾರಿಸ್ತೀವಿ. ‘ಕಟ್ ಮಾಡು’ ತಗೊಳ್ಳಿ. ತರಕಾರಿ ಹೆಚ್ಚೋದು, ಉಗುರು ಕತ್ತರಿಸೋದು, ಕಾಯಿ ತುರಿಯೋದು, ಬಾಳೆಹಣ್ಣು ಸುಲಿಯೋದು, ಅವರೆಕಾಯಿ ಬಿಡಿಸೋದು. ‘ವೇರ್ ಮಾಡು’ ಅಂತೂ ನನಗೆ ಕೇಳೋಕೇ ಆಗಲ್ಲ. ಅಂಗಿ ತೊಡ್ತೀವಿ, ಸೀರೆ ಉಡ್ತೀವಿ, ಹೂ ಮುಡೀತೀವಿ, ಚಪ್ಪಲಿ ಮೆಟ್ತೀವಿ, ಕುಂಕುಮ ಇಟ್ಕೋತೀವಿ. ಮೈಯ ಯಾವ ಭಾಗಕ್ಕೆ ಏನು ಹೋಗುತ್ತೆ ಅನ್ನೋದನ್ನ ಒಂದೊಂದು ಕ್ರಿಯಾಪದಾನೇ ಹೇಳಿಬಿಡುತ್ತೆ. ಅಷ್ಟನ್ನೂ ತೆಗೆದು ಪಕ್ಕಕ್ಕಿಟ್ಟು ‘ವೇರ್ ಮಾಡು’ ಅಂತ ಒಂದನ್ನ ಕೊಟ್ರೆ ಮಗು ಏನು ಕಲೀಬೇಕು?

ಇನ್ನೂ ಇದೆ. ಕನ್ನಡದ ಎಷ್ಟೋ ಕ್ರಿಯಾಪದ ಹಿಂದಿನ ಕಾಲಕ್ಕೆ ಹೋದಾಗ ರೂಪವೇ ಬದಲಾಗುತ್ತೆ. ಬೀಳು, ಬಿದ್ದ. ಏಳು, ಎದ್ದ. ನಗು, ನಕ್ಕ. ಅಳು, ಅತ್ತ. ನಿಲ್ಲು, ನಿಂತ. ತಿನ್ನು, ತಿಂದ. ಕೊಡು, ಕೊಟ್ಟ. ಕೀಳು, ಕಿತ್ತ. ಇವನ್ನ ಸೂತ್ರ ಹೇಳಿ ಎರಡು ವರ್ಷದ ಮಗುಗೆ ಕಲಿಸೋಕಾಗಲ್ಲ. ಕಿವಿ ಮೇಲೆ ಬೀಳಬೇಕು, ದಿನಾ ಬೀಳಬೇಕು. ‘ಫಾಲ್ ಮಾಡಿದ, ಲಾಫ್ ಮಾಡಿದ, ಕ್ರೈ ಮಾಡಿದ’ ಅಂತಿದ್ರೆ ಮಗುಗೆ ಸಿಗೋದು ‘ಮಾಡಿದ’ ಅನ್ನೋ ಒಂದೇ ರೂಪ. ನಿಮ್ಮ ಮಗು ‘ಪಾಪು ಬೀಳಿದ’ ಅಂತು ಅಂದ್ಕೊಳ್ಳಿ. ನಗಬೇಡಿ, ತಿದ್ದಬೇಡಿ, ಖುಷಿಪಡಿ. ಅದು ತಾನಾಗೇ ನಿಯಮ ಹುಡುಕಿಕೊಂಡಿದೆ. ನೀವು ‘ಹೌದು ಕಂದ, ಬಿದ್ದ, ಧಪ್ ಅಂತ ಬಿದ್ದ’ ಅನ್ನಿ ಸಾಕು. ಸರಿಯಾದ ರೂಪ ನಿಮ್ಮ ಉತ್ತರದೊಳಗೇ ಹೋಯ್ತು.

ಆ ‘ಧಪ್’ ಇದೆಯಲ್ಲ, ಅದೂ ಕನ್ನಡ ಕ್ರಿಯಾಪದದ ಜೊತೆಗೇ ಬರೋದು. ಗಟಗಟ ಕುಡಿ. ಗಬಗಬ ತಿನ್ನು. ಪಿಳಿಪಿಳಿ ನೋಡು. ದುಡುದುಡು ಓಡು. ‘ಗಟಗಟ ಡ್ರಿಂಕ್ ಮಾಡು’ ಅಂತ ಯಾರಾದ್ರೂ ಅಂತಾರಾ? ಒಂದು ಪದ ಹೋದ್ರೆ ಅದರ ಬೆನ್ನಿಗಿದ್ದ ಮರಿಗಳೂ ಹೋಗ್ತವೆ.

ಚಾನೆಲ್ ಇನ್ನೂ ಸಬ್‌ಸ್ಕ್ರೈಬ್ ಮಾಡಿಲ್ಲ ಅಂದ್ರೆ ಈಗ ಮಾಡಿ. ಹ್ಞಾಂ, ‘ಸಬ್‌ಸ್ಕ್ರೈಬ್ ಮಾಡಿ’ ಅಂದೆ, ಗೊತ್ತು, ಹಿಡ್ಕೋಬೇಡಿ. ನಿಮಗೆ ಕನ್ನಡ ಬರುತ್ತೆ, ನಿಮ್ಮ ಜೊತೆ ಹೇಗೆ ಮಾತಾಡಿದ್ರೂ ನಡೆಯುತ್ತೆ. ಒಂದೂವರೆ ವರ್ಷದ ಮಗುಗೆ ಇನ್ನೂ ಬಂದಿಲ್ಲ. ಬರೋದು ನಿಮ್ಮಿಂದ.

ಇಲ್ಲೊಬ್ಬರು ಪಂಡಿತರು ಕೇಳಿದ್ದಾರೆ: ‘ಊಟ ಮಾಡು, ಸ್ನಾನ ಮಾಡು, ನಿದ್ದೆ ಮಾಡು, ಇದರಲ್ಲೂ ಮಾಡು ಇದೆಯಲ್ಲ, ಅದೇನು ಕನ್ನಡ ಅಲ್ವಾ?’ ಸ್ವಾಮಿ, ಊಟ, ಸ್ನಾನ, ನಿದ್ದೆ ಹೆಸರುಪದಗಳು, ಅವುಗಳ ಮುಂದೆ ‘ಮಾಡು’ ನಿಲ್ಲುತ್ತೆ. ‘ಊಟ ಮಾಡು’ ಪಕ್ಕದಲ್ಲೇ ‘ಉಣ್ಣು’ ಇದೆ, ‘ನಿದ್ದೆ ಮಾಡು’ ಪಕ್ಕದಲ್ಲೇ ‘ಮಲಗು’ ಇದೆ. ‘ಸ್ನಾನ ಮಾಡು’ ಪಕ್ಕದಲ್ಲಿ ‘ಮೀಯು’ ಇತ್ತು. ಕರಾವಳಿ, ಮಲೆನಾಡಲ್ಲಿ ಇವತ್ತಿಗೂ ಮಕ್ಕಳನ್ನ ಮೀಯಿಸ್ತಾರೆ. ಬೆಂಗಳೂರು, ಮೈಸೂರಲ್ಲಿ ಆ ಪದ ಎಷ್ಟು ಮನೇಲಿ ಕೇಳುತ್ತೆ ಹೇಳಿ. ‘ಮಾಡು’ ಹೇಗೆ ತಿಂದು ಹಾಕುತ್ತೆ ಅಂತ ನೀವೇ ಸಾಕ್ಷಿ ಕೊಟ್ರಿ!

ಇನ್ನೊಬ್ಬರು: ‘ಇಂಗ್ಲಿಷೂ ಕಲೀಲಿ ಅಂತ ಬೆರೆಸಿ ಮಾತಾಡ್ತೀವಿ.’ ಇಂಗ್ಲಿಷ್ ಕಲಿಸಬೇಕಾ, ಕಲಿಸಿ, ನಿಮಗೆ ಬರುತ್ತಲ್ಲ. ‘ವಾಶ್ ಯುವರ್ ಹ್ಯಾಂಡ್ಸ್’ ಅಂತ ಪೂರ್ತಿ ಹೇಳಿ. ಅದರಲ್ಲಿ ಇಂಗ್ಲಿಷಿನ ಪದಗಳ ಸಾಲು ಇದೆ, ‘ಯುವರ್’ ಇದೆ, ಎರಡು ಕೈ ಅನ್ನೋಕೆ ಕೊನೇಲಿ ‘ಸ್’ ಇದೆ. ‘ಹ್ಯಾಂಡ್ ವಾಶ್ ಮಾಡು’ ಅಂದ್ರೆ ಆ ಮೂರೂ ಇಲ್ಲ. ಅಂದ್ರೆ ಇಂಗ್ಲಿಷೂ ಕಲಿಸಲಿಲ್ಲ, ಕನ್ನಡಾನೂ ಕಲಿಸಲಿಲ್ಲ. ವಾಕ್ಯ ಯಾವ ಭಾಷೇಲಿ ಶುರುವಾಯ್ತೋ ಅದರಲ್ಲೇ ಮುಗಿಸಿ. ಮನೇಲಿ ಅಪ್ಪ ತೆಲುಗು ಮಾತಾಡೋರಾದ್ರೆ ಅವರು ತೆಲುಗಲ್ಲಿ ಪೂರ್ತಿ ಮಾತಾಡಲಿ. ತುಳು, ಕೊಂಕಣಿ, ಕೊಡವ, ಉರ್ದು ಮನೆಯೋರಿಗೂ ಇದೇ ಮಾತು. ಫ್ರಾನ್ಸಿನ ಭಾಷಾವಿಜ್ಞಾನಿ ಜೂಲ್ ರೊಂಜಾ ತನ್ನ ಮಗನ ಜೊತೆ ತಾನು ಫ್ರೆಂಚ್, ಹೆಂಡತಿ ಜರ್ಮನ್ ಅಂತ ನಡೆಸಿ 1913ರಲ್ಲೇ ಅದನ್ನ ಬರೆದಿಟ್ಟಿದ್ದಾನೆ. ಹೊಸ ವಿಷಯ ಏನಲ್ಲ ಇದು.

‘ಟಿವಿಲಿ ಕನ್ನಡ ಹಾಡು ಹಾಕ್ತೀವಲ್ಲ, ಅದರಿಂದ ಬರುತ್ತೆ’ ಅನ್ನೋರಿಗೆ ಒಂದು ಮಾತು. ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಜೊತೆಗಾರರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. 9 ತಿಂಗಳ ಮಕ್ಕಳಿಗೆ 25 ನಿಮಿಷದ ಹಾಗೆ 12 ಸಲ ಚೀನೀ ಭಾಷೆ ಕೇಳಿಸಿದ್ರು. ಎದುರಿಗೆ ಕೂತು ಆಟ ಆಡ್ತಾ ಮಾತಾಡಿದ ಗುಂಪಿನ ಮಕ್ಕಳು ಆ ಭಾಷೆಯ ಧ್ವನಿಗಳನ್ನ ಗುರುತಿಸಿದ್ರು. ಅದೇ ಮಾತನ್ನ ಪರದೆ ಮೇಲೆ ನೋಡಿದೋರು ಕಲೀಲಿಲ್ಲ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಇನ್ನೂ ಸರಳ: ಎರಡು ವರ್ಷ ತುಂಬೋ ತನಕ ಪರದೆ ಬೇಡ, ಆಮೇಲೆ 4 ವರ್ಷದ ತನಕ ದಿನಕ್ಕೆ 1 ಗಂಟೆ ಮೀರಬಾರದು.

‘ದೊಡ್ಡವರಾದ ಮೇಲೆ ಕಲೀತಾರೆ ಬಿಡಿ’ ಅಂತೀರಾ? 1984ರಲ್ಲಿ ಕೆನಡಾದಲ್ಲಿ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇಂಗ್ಲಿಷ್ ಮನೆ ಮಕ್ಕಳಿಗೆ ಹಿಂದಿಯ ‘ತ’ ಮತ್ತು ‘ಟ’ ಕೇಳಿಸಿದ್ರು. 6ರಿಂದ 8 ತಿಂಗಳ ಮಕ್ಕಳಿಗೆ ವ್ಯತ್ಯಾಸ ಗೊತ್ತಾಯ್ತು. 10ರಿಂದ 12 ತಿಂಗಳಾಗೋ ಹೊತ್ತಿಗೆ ಹೆಚ್ಚಿನವರಿಗೆ ಅದು ಹೊರಟೇ ಹೋಗಿತ್ತು. ಅದೇ ತ, ಟ ನಮ್ಮಲ್ಲೂ ಇದೆ. ಬಿತ್ತು, ಬಿಟ್ಟು. ಮುತ್ತು, ಮುಟ್ಟು. ಮೊದಲ ವರ್ಷದಲ್ಲೇ ಕಿವಿ ತನ್ನ ಲೆಕ್ಕ ಹಾಕ್ಕೊಳ್ಳೋಕೆ ಶುರುಮಾಡಿರುತ್ತೆ.

ಈಗ ಏನು ಮಾಡ್ಬೇಕು ಕೇಳಿ. ಇಡೀ ದಿನ ಬದಲಾಯಿಸೋಕೆ ಹೋಗಬೇಡಿ, ಮೂರನೇ ದಿನಕ್ಕೆ ಬಿಟ್ಟುಬಿಡ್ತೀರಿ. ಒಂದು ವಾರಕ್ಕೆ ಒಂದೇ ಕೆಲಸ ಹಿಡೀರಿ. ಮೊದಲನೇ ವಾರ ಸ್ನಾನ, ಯಾಕಂದ್ರೆ ಅಲ್ಲಿ ಫೋನ್ ಇರಲ್ಲ, ಹತ್ತು ನಿಮಿಷ ಮಗು ನಿಮ್ಮ ಮುಖಾನೇ ನೋಡ್ತಿರುತ್ತೆ. ಬಚ್ಚಲ ಬಾಗಿಲಿಗೆ ಒಂದು ಚೀಟಿ ಅಂಟಿಸಿ, ಹತ್ತು ಕ್ರಿಯಾಪದ ಬರೀರಿ: ಬಿಚ್ಚು, ತುಂಬು, ಮೊಗೆ, ಹೊಯ್ಯಿ, ಎರಚು, ಚೆಲ್ಲು, ಉಜ್ಜು, ಒರೆಸು, ಬಾಚು, ತೊಡು. ಚೀಟಿ ಮಗುಗಲ್ಲ, ನಿಮಗೆ. ಸಣ್ಣ ಚೊಂಬು ಮಗು ಕೈಗೇ ಕೊಡಿ. ‘ನೀರು ಮೊಗಿ. ಮೊಗೆದ್ಯಾ? ಈಗ ಕಾಲ ಮೇಲೆ ಹೊಯ್ಕೋ. ಅಯ್ಯೋ, ಚೆಲ್ಲಿಹೋಯ್ತು!’ ಎರಡು ವರ್ಷದಲ್ಲಿ ಎಲ್ಲದಕ್ಕೂ ‘ನಾನೇ, ನಾನೇ’ ಅನ್ನುತ್ತಲ್ಲ, ಆಗ ‘ನಾನು ಉಜ್ಲಾ? ನೀನೇ ಉಜ್ಕೋತೀಯಾ?’ ಅಂತ ಕೇಳಿ. ತನಗೆ ತಾನೇ ಮಾಡ್ಕೊಳ್ಳೋದನ್ನ ಹೇಳೋ ಆ ‘ಕೋ’ ಏನು ಅಂತ ವ್ಯಾಕರಣ ಪುಸ್ತಕ ಒಂದು ಪುಟ ಹೇಳೋದನ್ನ ಮಗು ಚೊಂಬಲ್ಲಿ ಕಲಿಯುತ್ತೆ.

ಎರಡನೇ ವಾರ ಅಡುಗೆ ಮನೆ. ರಾಗಿ ಸರಿ ಮಾಡ್ತೀರಲ್ಲ, ಮಗೂನ ಒಲೆಯಿಂದ ದೂರ ಕೂರಿಸಿ ಹೇಳ್ತಾ ಹೋಗಿ. ಎರಡು ಚಮಚ ಹಿಟ್ಟು ತಣ್ಣೀರಲ್ಲಿ ಕದಡು, ಬಿಸಿನೀರಿಗೆ ಸುರಿದ್ರೆ ಗಂಟು ಕಟ್ಟುತ್ತೆ. ಒಂದು ಲೋಟ ನೀರು ಸೇರಿಸು, ಸಣ್ಣ ಉರೀಲಿ ಐದಾರು ನಿಮಿಷ ಕೈಯಾಡಿಸು, ತಳ ಹಿಡಿಯದ ಹಾಗೆ ನೋಡ್ಕೋ. ಕುದೀತು, ಉಕ್ತು, ಇಳಿಸು, ಆರಿಸು, ಊದು. ಒಂದು ಬಟ್ಟಲು ಸರಿಗೆ ಇಷ್ಟು ಮಾತು.

ಎಡವೋದು ಎಲ್ಲಿ ಅಂದ್ರೆ, ‘ತೊಳಿ, ಅಂದ್ರೆ ವಾಶ್’ ಅಂತ ಬೆನ್ನಿಗೇ ಅನುವಾದ ಮಾಡ್ತೀರಲ್ಲ, ಅಲ್ಲಿ. ಮಗು ಎರಡನೇದಕ್ಕೇ ಕಾಯೋದು ಕಲಿಯುತ್ತೆ. ಕೈ ತೋರಿಸಿ, ನೀರು ತೋರಿಸಿ, ಅರ್ಥ ಅದರಲ್ಲೇ ಇದೆ. ಇನ್ನೊಂದು, ‘ಇದೇನು ಹೇಳು, ಅದೇನು ಹೇಳು’ ಅಂತ ಪರೀಕ್ಷೆ ಮಾಡೋದು. ಪ್ರಶ್ನೆ ಕಡಿಮೆ ಮಾಡಿ, ಹೇಳಿದ ಮೇಲೆ ಐದು ಸೆಕೆಂಡ್ ಸುಮ್ಮನಿರಿ. ಐದು ಸೆಕೆಂಡ್ ನಿಮಗೆ ಉದ್ದ, ಮಗುಗೆ ಬೇಕೇ ಬೇಕು. ಪ್ಲೇಸ್ಕೂಲಿಗೆ ಸೇರಿದ ಮೇಲೆ ಇಂಗ್ಲಿಷಲ್ಲೇ ಉತ್ತರ ಕೊಡೋಕೆ ಶುರುಮಾಡುತ್ತೆ, ಆಗ ‘ಕನ್ನಡದಲ್ಲಿ ಹೇಳು’ ಅಂತ ಗದರಿಸಬೇಡಿ. ‘ಓಪನ್ ಮಾಡು’ ಅಂದ್ರೆ ‘ಮುಚ್ಚಳ ತೆಗೀಲಾ? ತೆಗೆದೆ ನೋಡು’ ಅನ್ನಿ. ಆಮೇಲೆ ಅಜ್ಜಿಯಂದಿರು. ಅಮ್ಮಂದಿರೇ, ಅತ್ತೆಯಂದಿರೇ, ಮೊಮ್ಮಗು ಕಂಡ ತಕ್ಷಣ ನೀವ್ಯಾಕೆ ‘ಕಮ್, ಸಿಟ್, ಈಟ್’ ಶುರುಮಾಡ್ತೀರಿ? ನಿಮ್ಮ ಹತ್ರ ಇರೋ ಕನ್ನಡ ನಮ್ಮ ಹತ್ರಾನೂ ಇಲ್ಲ. ದಯವಿಟ್ಟು ಕೊಡಿ ಅದನ್ನ.

‘ಟೈಮ್ ಎಲ್ಲಿದೆ?’ ಅಂತ ಕೇಳಬೇಡಿ. ‘ವಾಶ್ ಮಾಡು’ ನಾಲ್ಕಕ್ಷರ, ‘ತೊಳಿ’ ಎರಡಕ್ಷರ. ಟೈಮ್ ಉಳೀತು! ಇನ್ನೇನು ಕಾರಣ ಬೇಕು? ಮಾಡು, ಮಾಡು, ಮಾಡು. ಒಂದು ಇಡೀ ತಲೆಮಾರು ‘ಮಾಡು’ ಒಂದನ್ನೇ ಇಟ್ಕೊಂಡು ಬೆಳೀಬೇಕಾ? ಬೇಡ. ನನಗೆ ಬೇಡ, ಅಷ್ಟೇ.

ಕಾಮೆಂಟಲ್ಲಿ ನಿಮ್ಮೂರಲ್ಲಿ ಮಗು ಸ್ನಾನದ ಹೊತ್ತಿಗೆ ಬಳಸೋ ಒಂದು ಕ್ರಿಯಾಪದ ಬರೀರಿ, ಊರಿನ ಹೆಸರೂ ಹಾಕಿ. ಬೀದರಿಂದ ಸುಳ್ಯದ ತನಕ ಎಲ್ಲ ಸೇರಿಸಿ ಒಂದು ಚೀಟಿ ಮಾಡಿ ಮುಂದಿನ ವಾರ ಹಾಕ್ತೀನಿ, ಪ್ರಿಂಟ್ ತೆಗೆದು ಬಚ್ಚಲ ಬಾಗಿಲಿಗೆ ಅಂಟಿಸ್ಕೊಳ್ಳಿ. ಆ ಕಾಮೆಂಟ್ ಬರೆದ ತಂಗೀ, ನೀವೇ ಮೊದಲು ಬರೀಬೇಕು. ಕಾಯ್ತಿರ್ತೀನಿ.