ಎಂಟೈಸ್: ಆಸೆ ಹತ್ತಿಸುವ ಕ್ರಿಯಾಪದ

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಪದದ ಬಗ್ಗೆ ಕನ್ನಡದಲ್ಲೇ ಮಾತಾಡಿ ಎಂದು ಇಲ್ಲಿಯವರು ಕೇಳಿದ್ದಾರೆ. ಹಾಗಾಗಿ ಯಾರೂ ಹೆದರಬೇಡಿ. ಕಾನೂನು ಓದುವವರೂ ಬಂದಿದ್ದೀರಿ. ನಿಮ್ಮ ಪಾಲಿನದು ಕೊನೆಗೆ ಬರುತ್ತದೆ.

ಪದ ‘ಎಂಟೈಸ್’. ನಿಘಂಟಿನಲ್ಲಿ ‘ಪ್ರಲೋಭನಗೊಳಿಸು’ ಎಂದಿರುತ್ತದೆ. ನಮ್ಮ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಯಾರಾದರೂ ಹೀಗೆ ಮಾತಾಡಿದ್ದು ಕೇಳಿದ್ದೀರಾ? ನಾವು ಹೇಳುವುದು ಆಸೆ ತೋರಿಸಿದ, ಪುಸಲಾಯಿಸಿದ, ಗಾಳ ಹಾಕಿದ ಅಂತ. ಎಂಟೈಸ್‌ಗೆ ಹತ್ತಿರ ಇರುವುದೂ ಇವೇ.

ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಪದ ಇದು. ಅದರ ಬೇರು ಲ್ಯಾಟಿನ್ನಿನ ‘ಟಿಟಿಯೊ’ ಎನ್ನುತ್ತಾರೆ. ಅಂದರೆ ಉರಿಯುವ ಕೊಳ್ಳಿ. ಮೊದಮೊದಲು ಎಂಟೈಸ್ ಅಂದರೆ ಕೆರಳಿಸು, ಕುಮ್ಮಕ್ಕು ಕೊಡು ಎಂದೇ ಇತ್ತು. ಆಸೆ ತೋರಿಸಿ ಸೆಳೆಯುವ ಅರ್ಥ ಆಮೇಲೆ ಗಟ್ಟಿಯಾಯಿತು. ಕೊಳ್ಳಿಯ ಗುಣ ಮಾತ್ರ ಉಳಿದಿದೆ: ಆಸೆ ಹತ್ತಿಕೊಳ್ಳುವುದು ಇನ್ನೊಬ್ಬರ ಒಳಗೆ, ಹಚ್ಚಿದವನು ಹೊರಗೆ ಆರಾಮಾಗಿ ನಿಂತಿರುತ್ತಾನೆ.

ಇದರ ಅಕ್ಕಪಕ್ಕದ ಪದ ‘ಲ್ಯೂರ್’. ಅದು ಗಿಡುಗ ಪಳಗಿಸಿ ಬೇಟೆಯಾಡುವವರ ಕಡೆಯಿಂದ ಬಂದದ್ದು. ಹಗ್ಗದ ತುದಿಗೆ ಗರಿಗಳ ಗೊಂಚಲು ಕಟ್ಟಿ, ಮಾಂಸದ ಚೂರು ಸಿಕ್ಕಿಸಿ ಗಾಳಿಯಲ್ಲಿ ಬೀಸುತ್ತಾರೆ. ಹಾರಿಹೋದ ಗಿಡುಗ ವಾಪಸ್ ಬರುತ್ತದೆ. ನಮ್ಮ ‘ಆಮಿಷ’ಕ್ಕೂ ಸಂಸ್ಕೃತದಲ್ಲಿ ಮಾಂಸ ಅನ್ನುವ ಅರ್ಥವೇ ಇದೆ. ಚುನಾವಣೆ ಹೊತ್ತಿನಲ್ಲಿ ‘ಮತದಾರರಿಗೆ ಆಮಿಷ’ ಎಂದು ಪೇಪರಿನಲ್ಲಿ ಓದಿದರೆ ಸೀರೆ, ಕುಕ್ಕರ್ ನೆನಪಾಗುತ್ತವೆ. ಬಾಡೂಟವೂ ಇರುತ್ತದಲ್ವಾ, ಪದದ ಮೂಲಕ್ಕೇನೂ ಮೋಸ ಆಗಿಲ್ಲ ಬಿಡಿ!

ಇನ್ನೊಂದು ‘ಟ್ಯಾಂಟಲೈಜ್’. ಗ್ರೀಕ್ ಪುರಾಣದ ಟ್ಯಾಂಟಲಸ್ ನೀರಿನಲ್ಲೇ ನಿಂತಿರುತ್ತಾನೆ, ಕುಡಿಯಲು ಬಗ್ಗಿದರೆ ನೀರು ಇಳಿದುಹೋಗುತ್ತದೆ. ತಲೆ ಮೇಲೆ ಹಣ್ಣು, ಕೈ ಚಾಚಿದರೆ ದೂರ. ಇದಕ್ಕೆ ನಮ್ಮಲ್ಲಿ ಮೂಗಿಗೆ ತುಪ್ಪ ಸವರುವುದು ಎನ್ನುತ್ತೇವೆ. ಎಂಟೈಸ್ ಮಾಡಿದವನು ನಿಮ್ಮನ್ನು ಕರೆದುಕೊಂಡು ಹೋಗಲು ನೋಡುತ್ತಾನೆ. ಟ್ಯಾಂಟಲೈಜ್ ಮಾಡಿದವನಿಗೆ ನೀವು ಅಲ್ಲೇ ಒದ್ದಾಡಿದರೆ ಸಾಕು.

ಈಗ ಬಳಕೆ. ಕ್ಯಾತ್ಸಂದ್ರದಲ್ಲಿ ಬಸ್ ಇಳಿದಿದ್ದೀರಿ, ತಟ್ಟೆ ಇಡ್ಲಿಯ ಹಬೆ ಮೂಗಿಗೆ ಬಡಿಯಿತು. ‘ದಿ ಸ್ಮೆಲ್ ಎಂಟೈಸ್ಡ್ ಅಸ್ ಇಂಟು ದಿ ಹೋಟೆಲ್’ ಅನ್ನಬಹುದು. ಯಾರನ್ನು ಅನ್ನುವುದು ಕ್ರಿಯಾಪದ ಆದ ತಕ್ಷಣ ಬರಬೇಕು. ಆಮೇಲೆ ಒಳಕ್ಕೆ ಸೆಳೆದರೆ ‘ಇಂಟು’, ಬಿಡಿಸಿಕೊಂಡು ಹೋದರೆ ‘ಅವೇ ಫ್ರಮ್’, ಏನನ್ನಾದರೂ ಮಾಡಿಸಿದರೆ ‘ಟು’. ನಮ್ಮ ಹುಡುಗರು ‘ಐ ಆಮ್ ಎಂಟೈಸ್ಡ್ ಟು ಈಟ್’ ಎಂದು ಬರೆಯುತ್ತಾರೆ. ತಪ್ಪು ಅನ್ನಲಾರೆ, ಆದರೆ ಕಿವಿಗೆ ಹಿತವಿಲ್ಲ. ಸುಮ್ನೆ ತಿನ್ನೋಣ ಅನ್ನಿಸಿದರೆ ‘ಟೆಂಪ್ಟೆಡ್’ ಸಾಕು. ಎಂಟೈಸ್ ಅಂದ ಮೇಲೆ ಕರೆಯುವವರೋ ಕರೆಯುವಂಥದ್ದೋ ಎದುರಿಗೆ ಇರಬೇಕು. ವಿಚಿತ್ರ ಏನೆಂದರೆ, ‘ಎಂಟೈಸಿಂಗ್’ ಎಂದು ವಿಶೇಷಣ ಮಾಡಿದರೆ ಪದ ಸಾಧು ಆಗಿಬಿಡುತ್ತದೆ. ಎಂಟೈಸಿಂಗ್ ಮೆನು, ಎಂಟೈಸಿಂಗ್ ಆಫರ್. ಯಾರಿಗೂ ಅನುಮಾನ ಬರುವುದಿಲ್ಲ. ಮನುಷ್ಯ ಮನುಷ್ಯನನ್ನು ಎಂಟೈಸ್ ಮಾಡಿದ ಅಂದರೆ ಮಾತ್ರ ಕಿವಿ ನೆಟ್ಟಗಾಗುತ್ತದೆ.

ಹಾಗೆ ಜಾಸ್ತಿ ಕಿವಿ ನೆಟ್ಟಗಾಗುವುದು ಕೋರ್ಟಿನಲ್ಲಿ. ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ ಅಪಹರಣದ 361ನೇ ಕಲಂ ನೋಡಿ. ಅಪ್ರಾಪ್ತರನ್ನು ಪೋಷಕರ ವಶದಿಂದ, ಆ ಪೋಷಕರ ಒಪ್ಪಿಗೆ ಇಲ್ಲದೆ ‘ಟೇಕ್ಸ್ ಆರ್ ಎಂಟೈಸಸ್’, ಅಂದರೆ ಕರೆದೊಯ್ದರೆ ಇಲ್ಲವೇ ಪುಸಲಾಯಿಸಿದರೆ, ಎಂದಿತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 137ನೇ ಕಲಂ. ಹಳೆಯದರಲ್ಲಿ ಹುಡುಗನಿಗೆ 16, ಹುಡುಗಿಗೆ 18 ವರ್ಷ ಇತ್ತು. ಈಗ ಇಬ್ಬರಿಗೂ 18. ಎರಡು ಕ್ರಿಯಾಪದಗಳು ಮಾತ್ರ ಹಾಗೇ ಇವೆ.

ಎರಡು ಯಾಕೆ ಬೇಕು? ಮದ್ರಾಸಿನ ವರದರಾಜನ್ ಪ್ರಕರಣ ಓದಿ, ಸುಪ್ರೀಂ ಕೋರ್ಟ್ 1964ರಲ್ಲಿ ತೀರ್ಪು ಕೊಟ್ಟದ್ದು. ಕಾಲೇಜು ಓದುತ್ತಿದ್ದ, 18 ತುಂಬಲು ಬಂದಿದ್ದ ಹುಡುಗಿ. ಅವಳೇ ಫೋನ್ ಮಾಡಿ ಆರೋಪಿ ವರದರಾಜನ್‌ನನ್ನು ಕರೆಸಿಕೊಂಡಿದ್ದಳು. ಅವಳಾಗಿ ಬಂದವಳನ್ನು ಜೊತೆಗೆ ಬರಲು ಬಿಟ್ಟದ್ದು ‘ಟೇಕಿಂಗ್’ ಆಗುವುದಿಲ್ಲ ಎಂದಿತು ಕೋರ್ಟ್. 1973ರ ಗುಜರಾತಿನ ಠಾಕೋರ್‌ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ‘ಎಂಟೈಸ್’ ಅನ್ನೇ ಬಿಡಿಸಿ ನೋಡಿದರು. ಇನ್ನೊಬ್ಬರಲ್ಲಿ ಆಸೆಯನ್ನೋ ಭರವಸೆಯನ್ನೋ ಹುಟ್ಟಿಸಿ ಸೆಳೆಯುವುದು ಅದರ ಅರ್ಥ. ಅದು ಬಹಳ ನಯವಾಗಿಯೂ ನಡೆಯಬಹುದು, ಆ ಹೊತ್ತಿನಲ್ಲಿ ಎದುರಿನವರ ಮನಸ್ಸು ಹೇಗಿತ್ತು ಅನ್ನುವುದರ ಮೇಲೆ ನಿಂತಿರುತ್ತದೆ ಎಂದರು. ಕೊಳ್ಳಿಯ ವಿಷಯ ಅವರು ಹೇಳಲಿಲ್ಲ, ಹೇಳಿದ್ದು ಅದನ್ನೇ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೋ ಬೇರೆಯದೇ ಕಾಯ್ದೆ, ಅದರ ಲೆಕ್ಕವೂ ಬೇರೆ. ಇವತ್ತು ಅದಕ್ಕೆ ಕೈ ಹಾಕುವುದಿಲ್ಲ.

ನಮ್ಮ ದೂರುಗಳಲ್ಲಿ ‘ಪುಸಲಾಯಿಸಿ ಕರೆದುಕೊಂಡು ಹೋಗಿರುತ್ತಾನೆ’ ಎಂಬ ಸಾಲು ಅಚ್ಚು ಒತ್ತಿದ ಹಾಗೆ ಬರುತ್ತದೆ. ನಾಳೆ ನೀವು ಬರೆಯುವಾಗ ಅಷ್ಟಕ್ಕೇ ನಿಲ್ಲಿಸಬೇಡಿ. ಏನು ಆಸೆ ತೋರಿಸಿದ, ಯಾವಾಗ, ಎಂಥ ಮಾತಿನಲ್ಲಿ, ಆಗ ಅವಳ ಪರಿಸ್ಥಿತಿ ಹೇಗಿತ್ತು, ಎಲ್ಲ ಬರೆಯಿರಿ. ಎದುರು ಕಡೆಯ ವಕೀಲರು ಮೊದಲು ಕೇಳುವುದೇ ಅದನ್ನು.

ಈಗ ನಿಮ್ಮ ಪ್ರಶ್ನೆಗಳು.