ವೆಜಲೇ: ಬೆಳಕಿಗೆ ಲೆಕ್ಕ ಹಾಕಿ ಕಟ್ಟಿದ ಚರ್ಚು

ಎಲ್ಲರಿಗೂ ನಮಸ್ಕಾರ.

ರೋಮ್ಯಾ ರೋಲಾ ಅವರ ಹೆಸರನ್ನು ನೀವು ಕೇಳಿರುತ್ತೀರಿ. ರಾಮಕೃಷ್ಣರು, ವಿವೇಕಾನಂದರು, ಗಾಂಧೀಜಿ ಇವರ ಬದುಕನ್ನು ಯುರೋಪಿನವರಿಗೆ ಬರೆದು ತಿಳಿಸಿದ ಫ್ರೆಂಚ್ ಲೇಖಕರು. ಅವರು ಕೊನೆಯ ವರ್ಷಗಳನ್ನು ಕಳೆದದ್ದು, 1944ರ ಡಿಸೆಂಬರ್ 30ರಂದು ಕಣ್ಣುಮುಚ್ಚಿದ್ದು ಫ್ರಾನ್ಸಿನ ಬರ್ಗಂಡಿ ಸೀಮೆಯ ವೆಜಲೇ ಎಂಬ ಸಣ್ಣ ಊರಿನಲ್ಲಿ. ಊರು ಗುಡ್ಡದ ಮೇಲಿದೆ. ಗುಡ್ಡದ ನೆತ್ತಿಯಲ್ಲಿ ಯೇಸುವಿನ ಶಿಷ್ಯೆ ಮಗ್ದಲದ ಮರಿಯಳ ಹೆಸರಿನ ಚರ್ಚಿದೆ. ಇವತ್ತಿನ ಮಾತು ಆ ಚರ್ಚಿನದು.

9ನೇ ಶತಮಾನದಲ್ಲಿ ಗಿರಾರ್ ಎಂಬ ದೊರೆ ಮತ್ತು ಅವನ ಹೆಂಡತಿ ಬೆರ್ತ ಕೆಳಗಿನ ಕಣಿವೆಯಲ್ಲಿ ಸನ್ಯಾಸಿನಿಯರಿಗೆ ಮಠ ಕಟ್ಟಿಸಿದರು. ದಾಳಿಕೋರರು ಅದನ್ನು ಹಾಳುಗೆಡವಿದ ಮೇಲೆ ಮಠ ಗುಡ್ಡ ಹತ್ತಿತು, ಬೆನೆಡಿಕ್ಟಿನ್ ಸನ್ಯಾಸಿಗಳು ಬಂದು ನೆಲೆಸಿದರು. ಮರಿಯಳ ಅಸ್ಥಿಗಳು ನಮ್ಮಲ್ಲಿವೆ ಎಂದು 11ನೇ ಶತಮಾನದಲ್ಲಿ ಮಠ ಸಾರಿತು. 1058ರಲ್ಲಿ ಪೋಪ್ ಅದಕ್ಕೆ ಮುದ್ರೆ ಒತ್ತಿದರು. ಅಲ್ಲಿಂದ ಯಾತ್ರಿಕರ ಹೊಳೆಯೇ ಹರಿಯಿತು. ಸ್ಪೇನಿನ ಯಾತ್ರಾಸ್ಥಳ ಸಾಂತಿಯಾಗೋಗೆ ಕಾಲ್ನಡಿಗೆಯಲ್ಲಿ ಹೊರಡುವವರಿಗೂ ಇದು ಮೊದಲ ಮೆಟ್ಟಿಲಾಯಿತು.

ಜನ ಹೆಚ್ಚಿದಂತೆ ಚರ್ಚು ಚಿಕ್ಕದಾಯಿತು. ಮಠಾಧಿಪತಿ ಆರ್ತೋ 1096ರಲ್ಲಿ ಹೊಸದನ್ನು ಶುರುಮಾಡಿದರು. ಖರ್ಚಿನ ಹೊರೆ ಊರಿನವರ ಮೇಲೆ ಬಿತ್ತು. 1106ರಲ್ಲಿ ಜನ ದಂಗೆಯೆದ್ದು ಆರ್ತೋ ಅವರನ್ನೇ ಕೊಂದರು. ಈ ಚರ್ಚಿನ ಚೆಲುವನ್ನು ಹೊಗಳುವಾಗ ಅದರ ಬೆಲೆ ತೆತ್ತ ಊರಿನವರನ್ನು ಮರೆಯಲು ನನಗೆ ಮನಸ್ಸಾಗುವುದಿಲ್ಲ. 1120ರ ಜುಲೈ 21ರ ರಾತ್ರಿ, ಮರುದಿನ ಮರಿಯಳ ಹಬ್ಬ ಎನ್ನುವಾಗ, ಹಳೆಯ ಭಾಗಕ್ಕೆ ಬೆಂಕಿ ಬಿತ್ತು. ಸಾವಿರಕ್ಕೂ ಹೆಚ್ಚು ಯಾತ್ರಿಕರು ಸತ್ತರೆಂದು ಹೇಳಿಕೆ. ನಾವಿಂದು ನೋಡುವ ನಡುಸಾಲೆ, ಅಂದರೆ ಬಾಗಿಲಿಂದ ಬಲಿಪೀಠದ ಕಡೆಗೆ ಹೋಗುವ ಉದ್ದನೆಯ ಹಜಾರ, ಎದ್ದದ್ದು ಆ ಬೂದಿಯ ಮೇಲೆ, ಸುಮಾರು 20 ವರ್ಷಗಳಲ್ಲಿ.

ಅದರ ಉದ್ದ 62 ಮೀಟರ್, ಎತ್ತರ 18 ಮೀಟರ್, ಒಟ್ಟು 10 ಅಂಕಣ. ಅಂಕಣದಿಂದ ಅಂಕಣಕ್ಕೆ ದಾಟುವ ಕಮಾನುಗಳಲ್ಲಿ ಒಂದು ಬಿಳಿ ಕಲ್ಲು, ಒಂದು ಕಂದು ಕಲ್ಲು. ಅಂದಿನ ಬರ್ಗಂಡಿಯ ದೊಡ್ಡ ಚರ್ಚುಗಳಿಗೆ ಸಾಮಾನ್ಯವಾಗಿ ಪೀಪಾಯಿಯನ್ನು ಉದ್ದಕ್ಕೆ ಸೀಳಿ ಕವುಚಿಟ್ಟಂಥ ಚಾವಣಿ ಇರುತ್ತಿತ್ತು. ಅದರ ಭಾರ ಗೋಡೆಯ ಉದ್ದಕ್ಕೂ ಒತ್ತುವುದರಿಂದ ದೊಡ್ಡ ಕಿಟಕಿ ತೆರೆಯುವುದು ಕಷ್ಟ. ವೆಜಲೇಯ ಶಿಲ್ಪಿಗಳು ಎರಡು ಕಮಾನುಚಾವಣಿಗಳನ್ನು ಅಡ್ಡಡ್ಡ ಹಾಯಿಸಿದರು. ಭಾರವೆಲ್ಲ ನಾಲ್ಕು ಮೂಲೆಗೆ ಇಳಿಯಿತು, ನಡುವಿನ ಗೋಡೆಗೆ ಬಿಡುವು ಸಿಕ್ಕಿತು, ಅಲ್ಲಿ ಕಿಟಕಿ ಬಂತು. ಆದರೆ ಆ ಮೂಲೆಗಳಿಗೆ ಹೊರಗಿನಿಂದ ಸಾಲುವಷ್ಟು ಒತ್ತು ಕೊಡಲಿಲ್ಲ. ಗೋಡೆಗಳು ನಿಧಾನವಾಗಿ ಹೊರಕ್ಕೆ ವಾಲಿದವು, ಕಮಾನುಗಳು ಚಪ್ಪಟೆಯಾದವು. ಬೆಳಕಿನ ಆಸೆಗೆ ಕಟ್ಟಡ ತನ್ನ ಬಲವನ್ನೇ ಪಣಕ್ಕಿಟ್ಟಿತ್ತು.

1146ರ ಈಸ್ಟರ್ ದಿನ ಕ್ಲೇರ್ವೋ ಮಠಾಧಿಪತಿ ಬೆರ್ನಾರ್ ಎರಡನೆಯ ಧರ್ಮಯುದ್ಧಕ್ಕೆ (ಕ್ರುಸೇಡ್) ಕರೆಕೊಟ್ಟದ್ದು ಇದೇ ಗುಡ್ಡದಲ್ಲಿ. ಆದರೆ ಅಸ್ಥಿಗಳ ಮಹಿಮೆ ಉಳಿಯಲಿಲ್ಲ. ನಿಜವಾದವು ನಮ್ಮಲ್ಲಿವೆ ಎಂದು 1279ರಲ್ಲಿ ದಕ್ಷಿಣದ ಪ್ರೊವಾನ್ಸ್‌ನವರು ಹೇಳಿದರು, ಪೋಪ್ ಅವರ ಕಡೆಗೆ ವಾಲಿದರು, ಯಾತ್ರಿಕರೂ ಅತ್ತ ತಿರುಗಿದರು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಮಠದ ಕಟ್ಟಡಗಳು ಮಾರಾಟವಾದವು. 1834ರಲ್ಲಿ ಸ್ಮಾರಕಗಳ ತಪಾಸಣೆಗೆ ಬಂದ ಪ್ರಾಸ್ಪೆರ್ ಮೆರಿಮೆ, ಒಳಗೆ ಕೂತು ಚಿತ್ರ ಬಿಡಿಸುವಾಗ ಸುತ್ತ ಕಲ್ಲಿನ ಚೂರುಗಳು ಉದುರುವ ಸದ್ದು ಕೇಳಿದರು. 1840ರಲ್ಲಿ ದುರಸ್ತಿಗೆ ನೇಮಕವಾದ ವಾಸ್ತುಶಿಲ್ಪಿ ವಿಯೋಲೆ-ಲ-ದುಕ್‌ಗೆ ಆಗ 26 ವಯಸ್ಸು. ಆತ ಚಾವಣಿಯನ್ನು ಹಗುರ ಮಾಡಿ, ಹೊರಗಿನಿಂದ ಗೋಡೆಯನ್ನು ತಡೆಹಿಡಿಯುವ ಕಮಾನುಗಳನ್ನು ಕಟ್ಟಿಸಿದ. ಆತನ ಎಲ್ಲ ತಿದ್ದುಪಡಿಗಳೂ ನನಗೆ ಒಪ್ಪಿಗೆಯಿಲ್ಲ. ಹೊರಬಾಗಿಲ ಮೇಲೆ ಈಗಿರುವ ಕೆತ್ತನೆ 19ನೇ ಶತಮಾನದ್ದು, ಅದರಲ್ಲಿ ಜೀವವಿಲ್ಲ. ಆದರೆ ಆತ ಬಾರದೆ ಹೋಗಿದ್ದರೆ ಇಂದು ಮಾತಾಡಲು ಚರ್ಚೇ ಇರುತ್ತಿರಲಿಲ್ಲ.

ಈಗ ಹೊರಬಾಗಿಲಲ್ಲಿ ನಿಲ್ಲದೆ ಮುಖಮಂಟಪಕ್ಕೆ ಬನ್ನಿ. ಇಲ್ಲಿ ಮಬ್ಬುಗತ್ತಲೆ. ಎದುರಿನ ಬಾಗಿಲ ಮೇಲಿನ ಅರ್ಧವೃತ್ತದಲ್ಲಿ ಕ್ರಿಸ್ತ ಕೈಚಾಚಿ ಕೂತಿದ್ದಾನೆ, ಬೆರಳುಗಳಿಂದ ಹೊರಟ ಕಿರಣಗಳು ಅವನ ಶಿಷ್ಯರಾದ ಅಪೊಸ್ತಲರ ತಲೆ ಮುಟ್ಟುತ್ತವೆ. ಬಟ್ಟೆಯ ಮಡಿಕೆಗಳು ಗಾಳಿಗೆ ಸುಳಿಯಾಗಿವೆ. ಸುತ್ತ ಸುವಾರ್ತೆ ಮುಟ್ಟಬೇಕಾದ ಲೋಕದ ಜನರೆಲ್ಲ ಇದ್ದಾರೆ: ಮೊರದಂಥ ಕಿವಿಯವರು, ಏಣಿ ಹಾಕಿ ಕುದುರೆ ಹತ್ತುವ ಕುಳ್ಳರು, ನಾಯಿಮೊಗದವರು. ಈ ನಾಯಿಮೊಗದವರು ಇರುವುದು ಭಾರತದ ಬೆಟ್ಟಗಳಲ್ಲಿ ಎಂದು ಕ್ಟೇಸಿಯಸ್ ಎಂಬ ಗ್ರೀಕ ಕ್ರಿಸ್ತಪೂರ್ವದಲ್ಲೇ ಬರೆದಿದ್ದ. ನಮ್ಮ ಕಡೆಯ ಬಗ್ಗೆ ಹಬ್ಬಿದ ಕಥೆ ಬರ್ಗಂಡಿಯ ಕಲ್ಲಿನ ತನಕ ನಡೆದುಹೋಗಿದೆ. ನನ್ನನ್ನು ತಟ್ಟಿದ್ದು ಬೇರೊಂದು: ಎಷ್ಟೇ ವಿಚಿತ್ರವಾಗಿ ಕಲ್ಪಿಸಿಕೊಂಡರೂ ಶಿಲ್ಪಿ ಅವರನ್ನು ಬಾಗಿಲ ಹೊರಗೆ ಬಿಡಲಿಲ್ಲ.

ಬಾಗಿಲ ನಡುಗಂಬದಲ್ಲಿ ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೋಹಾನ ನಿಂತಿದ್ದಾನೆ. ಅವನ ಹಬ್ಬ ಜೂನ್ 24, ಹಗಲು ಅತಿ ದೀರ್ಘವಾಗಿರುವ ದಿನಗಳಲ್ಲಿ. ಆ ದಿನಗಳ ನಡುಹಗಲಿನಲ್ಲಿ ಒಳಗೆ ಹೋದರೆ, ದಕ್ಷಿಣದ ಮೇಲುಕಿಟಕಿಗಳ ಬಿಸಿಲು ನಡುಸಾಲೆಯ ಸರಿಯಾಗಿ ನಟ್ಟನಡುವೆ ಬೀಳುತ್ತದೆ. ನೆಲದ ಮೇಲೆ ಒಂದರ ಮುಂದೊಂದು ಬೆಳಕಿನ ಹಾಸುಗಲ್ಲುಗಳು, ಬಾಗಿಲಿಂದ ಬಲಿಪೀಠದ ಕಡೆಗೆ. ಅಲ್ಲಿನ ಸನ್ಯಾಸಿಯೊಬ್ಬರು ಇದನ್ನು ಗಮನಿಸಿ ಲೋಕಕ್ಕೆ ತಿಳಿಸಿದ್ದು 1976ರಲ್ಲಿ. ಚಳಿಗಾಲದ ತುದಿಯಲ್ಲಿ ಬಿಸಿಲು ನೆಲಕ್ಕಿಳಿಯದೆ, ಎದುರುಗೋಡೆಯ ಮೇಲಿನ ಬೋದಿಗೆಗಳ, ಅಂದರೆ ಕಂಬದ ತಲೆಯ ಕೆತ್ತಿದ ಕಲ್ಲುಗಳ ಮೇಲೆ ನಿಲ್ಲುತ್ತದೆ.

ಬೋದಿಗೆಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ಮೋಶೆ ಬೀಸುವ ಯಂತ್ರಕ್ಕೆ ಕಾಳು ಸುರಿಯುತ್ತಿದ್ದಾನೆ. ಕೆಳಗೆ ಪೌಲ ಬಾಗಿ ಚೀಲದಲ್ಲಿ ಹಿಟ್ಟು ಹಿಡಿಯುತ್ತಿದ್ದಾನೆ. ಬೈಬಲ್ಲಿನ ಹಳೆಯ ಒಡಂಬಡಿಕೆಯ ಕಾಳು, ಹೊಸದರ ಹಿಟ್ಟು. ಪೌಲನ ಎರಡೂ ಕೈ ಚೀಲದ ಬಾಯಲ್ಲಿವೆ, ಒಂದು ಚಿಟಿಕೆಯೂ ಚೆಲ್ಲಬಾರದು ಎನ್ನುವಂತೆ.